ಕಳಕೇಶನ ತೂಕದ ಬೆಲ್ಲ

ನಮ್ಮ ಓಣಿಯ ದ್ರಾಕ್ಷಾಯಣಿ ಅಕ್ಕ ಆಶಾ ಕಾರ್ಯಕರ್ತೆ. ನಮ್ಮೂರು ಯಾವಗಲ್‌ನಲ್ಲಿ ಅವಳು ತೂಗದ ಕೂಸಿಲ್ಲ. ನನ್ನ ಮಗಳು ಚಿನ್ನುವೂ ಅವಳ ಕೊಕ್ಕೆ ತಕ್ಕಡಿಗೆ ನೇತುಬಿದ್ದು ಕಿರುಚಿದವಳೇ.

ಆಗಸ್ಟಿನ ಒಂದು ಮಧ್ಯಾಹ್ನ ಹೊಳೆಸಾಲಿನ ಹಳ್ಳಿಯೊಂದರ ಆಶಾ ಕಾರ್ಯಕರ್ತೆ ಅಕ್ಕನಿಗೆ ಫೋನ್ ಮಾಡಿದಳು. ದವಾಖಾನೆಯಿಂದ ಮನೆಗೆ ಕಳಿಸಿದ ಕೂಸೊಂದರ ಚೀಟಿ ಆ ಕಾರ್ಯಕರ್ತೆಯ ಕೈಸೇರಿತ್ತು. ಹೆಸರು ಕಳಕೇಶ, ಹದಿನಾಲ್ಕು ತಿಂಗಳು, ತೂಕ ಆರು ಕಿಲೋ ನಾಲ್ಕುನೂರು ಗ್ರಾಂ. ಹದಿನೈದು ದಿನಕ್ಕೊಮ್ಮೆ ತೂಗಬೇಕು. ಎರಡು ತಿಂಗಳಲ್ಲಿ ಏಳೂವರೆ ಮುಟ್ಟದಿದ್ದರೆ ಮತ್ತೆ ದಾಖಲು. ಆದರೆ ಚೀಟಿಯಲ್ಲಿದ್ದ ಮನೆಯ ಜಾಗದಲ್ಲಿ ಈಗ ಬರೀ ಜಾಲಿ ಬೆಳೆದಿದೆ. ಹೊಳೆ ಉಕ್ಕಿ ಊರು ಬಿಟ್ಟ ಆ ಮನೆಯವರು ಇರುವುದು ನಮ್ಮೂರ ಹೊರಗಿನ ತಗಡಿನ ಶೆಡ್ಡಿನಲ್ಲಿ.

ಅಕ್ಕ ಅಲ್ಲಿಗೆ ಹೊರಟಾಗ ಚಿನ್ನುವನ್ನು ಎತ್ತಿಕೊಂಡು ನಾನೂ ಹೋದೆ. ಕೂಸಿನ ಅಜ್ಜಿ ಬಾಳವ್ವ ಬಾಗಿಲಿಗೆ ಅಡ್ಡ ಕುಳಿತಿದ್ದಳು.

"ಆಯಿ, ದವಾಖಾನ್ಯಾಗ ಹಳೀ ಊರ ಹೆಸರ ಯಾಕ ಹೇಳಿದಿ?" ಅಕ್ಕ ಕೇಳಿದಳು.

"ಯಾವೂರ ಅಂತ ಕೇಳಿದ್ರು. ನಮ್ಮೂರ ಹೇಳಿದೆ. ಈ ತಗಡಿಗೂ ಒಂದ ಊರ ಅಂತಾರೇನ?"

ಅಕ್ಕ ತಕ್ಕಡಿ ತೆಗೆದಳೋ ಇಲ್ಲವೋ, ಬಾಳವ್ವ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಕಾಳ ತೂಗಿದಂಗ ತೂಗಬ್ಯಾಡ್ರಿ. ಕಣ್ಣ ತಾಕತಾವ."

"ದವಾಖಾನ್ಯಾಗ ದಿನಾ ತೂಗಿದ್ರಲ್ಲ?"

"ಆವಾಗ ನನ್ನ ಹೊರಗ ಕುಂದರಸತಿದ್ರು."

ಸೊಸೆ ವಿದ್ಯಾಶ್ರೀ ಬಾಯಿಗೆ ಸೆರಗು ಒತ್ತಿ ನಕ್ಕಳು.

"ತೂಗೋದಿದ್ರ ದೇವರ ಹೆಸರಲೆ," ಎಂದಳು ಬಾಳವ್ವ. "ಕೂಸ ಆರಾಮಾದ್ರ ಬೆಲ್ಲದಾಗ ತೂಗಸ್ತೀನಿ ಅಂತ ಬೇಡಿಕೊಂಡೀನಿ."

ಅಕ್ಕ ವಾದಕ್ಕೆ ಇಳಿಯಲಿಲ್ಲ. "ಎಷ್ಟ ಬೆಲ್ಲ ತರತಿ?"

"ಕೂಸಿನಷ್ಟ."

"ಕೂಸ ಎಷ್ಟೈತಿ ಗೊತ್ತಿಲ್ಲದ ಅಂಗಡ್ಯಾಗ ಏನಂತ ಕೇಳತಿ?"

ಬಾಳವ್ವ ಸೆರಗು ಸರಿಸಿ ಕೂಸಿನ ಮುಖ ನೋಡಿದಳು. ಕೊನೆಗೆ, ಮೊದಲು ಚಿನ್ನುವನ್ನು ತೂಗಿ ಎಂದಳು. ಬೀಳುವ ಕಣ್ಣು ಮೊದಲು ಇವಳ ಮೇಲೆ ಬೀಳಲಿ ಎಂದಿರಬೇಕು! ನಾನು ಮಗಳ ಕೆನ್ನೆಗೆ ಕಾಡಿಗೆಯ ಬೊಟ್ಟಿಟ್ಟು ಕೊಟ್ಟೆ.

ಕಳಕೇಶ ಆರು ಕಿಲೋ ಇನ್ನೂರು ತೂಗಿದ. ಮನೆಗೆ ಬಂದಮೇಲೆ ಇಳಿದಿದ್ದ. ನಾಲ್ಕು ದಿನದಿಂದ ಹೊಟ್ಟೆ ಕೆಟ್ಟಿದೆ ಎಂದು ವಿದ್ಯಾಶ್ರೀ ಆಗ ಬಾಯಿಬಿಟ್ಟಳು. ಅಕ್ಕ ಓಆರ್‌ಎಸ್ ಕಲಸುವುದನ್ನು ಎರಡು ಸಲ ತೋರಿಸಿದಳು. ಮರುದಿನ ತಾನೇ ಜೊತೆಗೆ ನಿಂತು ಡಾಕ್ಟರರಿಗೆ ತೋರಿಸಿಕೊಂಡು ಬಂದಳು. ಹೊಟ್ಟೆ ಸರಿಹೋದ ಮೇಲೆ ನಾನು ಚಿನ್ನುವಿನ ಗಂಜಿಯನ್ನು ಅವರ ಒಲೆಯ ಮೇಲೆ ಕಾಸಿ ತೋರಿಸಿದೆ. ಜೋಳದ ಹಿಟ್ಟು, ಹುರಿದ ಹೆಸರು, ಶೇಂಗಾ ಪುಡಿ, ಮೇಲೊಂದು ಚಮಚ ತುಪ್ಪ.

ಮುಂದಿನ ಸಲ ಆರು ಕಿಲೋ ಏಳುನೂರು. ಆಮೇಲೆ ಏಳು ಕಿಲೋ ಇನ್ನೂರು. ಈಗ ಬಾಳವ್ವನೇ ದಾರಿಗೆ ಬಂದು ನಿಲ್ಲುವಳು. "ಲಗೂ ಬರ್ರಿ, ಬೆಲ್ಲ ಎಷ್ಟಾತು ನೋಡೂಣು!" ಬಟ್ಟಲಲ್ಲಿ ಗಂಜಿ ಉಳಿದರೆ ಸೊಸೆಗೆ ಬೈಗುಳ: "ಪಾವಕಿಲೋ ಬೆಲ್ಲ ಬಿಟ್ಟೀಯಲ್ಲ!"

ಎರಡು ತಿಂಗಳು ತುಂಬಿದ ದಿನ ಕಿರಾಣಿ ಅಂಗಡಿಯ ಪ್ರಭುಲಿಂಗಪ್ಪನವರ ದೊಡ್ಡ ತಕ್ಕಡಿ ಶೆಡ್ಡಿನ ಮುಂದಿನ ಬೇವಿಗೆ ನೇತಾಡಿತು. ಬಾಳವ್ವ ಸರಿಯಾಗಿ ಏಳೂವರೆ ಕಿಲೋ ಬೆಲ್ಲ ತಂದಿದ್ದಳು.

"ಅಷ್ಟ ಆಗಬೇಕಂತ ಚೀಟ್ಯಾಗ ಬರದಾರಲ್ಲ. ಅಷ್ಟ ತಂದೀನಿ."

ವಿದ್ಯಾಶ್ರೀ ಕೂಸನ್ನು ಒಂದು ತಟ್ಟೆಯಲ್ಲಿ ಕೂರಿಸಿದಳು. ಬೆಲ್ಲದ ತಟ್ಟೆ ನೆಲ ಬಿಡಲಿಲ್ಲ. ಅಕ್ಕ ನನ್ನ ಮುಂಗೈ ಹಿಡಿದಳು.

"ಏ ತಂಗಿ, ನೀ ಕೈ ಬಿಡಬೇ!" ಎಂದರು ಪ್ರಭುಲಿಂಗಪ್ಪ ವಿದ್ಯಾಶ್ರೀಗೆ. "ನೀನ ಎತ್ತಿ ಹಿಡದ್ರ ತಕ್ಕಡಿ ಏನ ಮಾಡೀತು?"

ಭಯಕ್ಕೆ ಕೂಸಿನ ಕಂಕುಳಲ್ಲೇ ಉಳಿದಿದ್ದ ಕೈಗಳನ್ನು ವಿದ್ಯಾಶ್ರೀ ಮೆಲ್ಲಗೆ ತೆಗೆದಳು. ಕಳಕೇಶ ಕೆಳಗಿಳಿದ. ಬೆಲ್ಲ ಮೇಲೆದ್ದಿತು.

"ಸಾಲಲಿಲ್ಲೋ ಯಪ್ಪಾ! ಬೆಲ್ಲ ಸಾಲಲಿಲ್ಲ!" ಬಾಳವ್ವ ಅಳುತ್ತ ನಗುತ್ತ ಅಂಗಡಿಯ ಕಡೆಗೇ ಓಡಿದಳು.

ಅಕ್ಕ ತನ್ನ ಕೊಕ್ಕೆ ತಕ್ಕಡಿಯಲ್ಲೂ ಕೂಸನ್ನು ತೂಗಿ, ವಹಿ ತೆರೆದು ತೂಕ ಬರೆದಳು. ಬಾಳವ್ವ ಮತ್ತೊಂದು ಅಚ್ಚು ಬೆಲ್ಲ ಹೊತ್ತು ಬಂದಾಗ ಅಕ್ಕ ಕೇಳಿದಳು, "ಆಯಿ, ಊರು?"

"ಯಾವಗಲ್ ಅಂತ ಬರಿ." ಹೊತ್ತ ಅಚ್ಚನ್ನು ಕೆಳಗಿಳಿಸಿದಳು. "ಹಳೀದೂ ಮಗ್ಗಲಕ ಬರಿ. ಸಣ್ಣದಾಗಿ ಬರದ್ರೂ ನಡೀತೈತಿ."

ಅಕ್ಕ ಎರಡನ್ನೂ ಒಂದೇ ಅಳತೆಯಲ್ಲಿ ಬರೆದಳು. ಬೆಲ್ಲದ ಮೊದಲ ತುಂಡು ಅವಳಿಗೆ, ಎರಡನೆಯದು ಚಿನ್ನುವಿಗೆ. ಬೆಲ್ಲದಲ್ಲೇ ಹೊಟ್ಟೆ ತುಂಬಿಸಿಕೊಂಡ ನನ್ನ ಮಗಳು ಇವತ್ತು ರೊಟ್ಟಿ ಮುಟ್ಟಿಲ್ಲ.