ಹಿಟ್ಟಿಗೆ ಹೊದೆಸಿದ ರಜಾಯಿ

ಆಗೆಲ್ಲ ದೆಹಲಿಯ ರೋಹಿಣಿ ಬಡಾವಣೆಯ ಚಳಿಗಾಲವೆಂದರೆ ನಮಗೆ ಛಾವಣಿಯ ಬಿಸಿಲು, ಬಿಸಿ ಕಡಲೆಕಾಯಿ, ಸೀಮೆಸುಣ್ಣದ ಗೆರೆ ಎಳೆದು ಆಡುವ ಕುಂಟಾಬಿಲ್ಲೆ. ಆ ವರ್ಷ ಮಾತ್ರ ‘ರಿಸೆಷನ್’ ಎಂಬ ಗುಮ್ಮ ಬಂತು. ಗುಡಗಾಂವದ ಕಂಪನಿ ಅಪ್ಪನನ್ನು ಮನೆಗೆ ಕಳಿಸಿತು. ಅಪ್ಪ ರಜಾಯಿ ಹೊದ್ದು ಮಲಗಿದರು, ಊಟಕ್ಕೆ ಬಿಟ್ಟರೆ ಏಳಲಿಲ್ಲ.

ಅವರನ್ನು ಇನ್ನಷ್ಟು ಮಲಗಿಸಲು ಲೋಧಿ ಕಾಲೋನಿಯಿಂದ ಅಪ್ಪನ ಹಳೆಯ ಪರಿಚಯದ ರಾವ್ ಅಂಕಲ್ ಬರುತ್ತಿದ್ದರು. ಸರ್ಕಾರಿ ಕೆಲಸ, ಸರ್ಕಾರಿ ಮನೆ, ಗ್ಯಾರಂಟಿ ಪಿಂಚಣಿ. ಆ ಪುಣ್ಯಾತ್ಮನಿಗೆ ಬೇರೆಯವರ ಕಷ್ಟವೆಂದರೆ ಬಾಯಲ್ಲಿ ನೀರು. ಅಮ್ಮ ಕರಿದ ಪಕೋಡ ಮುಕ್ಕುತ್ತ, “ಇನ್ನೂ ಕೆಟ್ಟದ್ದು ಬರೋದಿದೆ ಕಣಯ್ಯ. ಊರಿಗೆ ಹೋಗ್ಬಿಡು” ಎನ್ನುತ್ತಿದ್ದರು. ಮೂಗಿನವರೆಗಿದ್ದ ರಜಾಯಿ ಅಪ್ಪನ ತಲೆಗೇರುತ್ತಿತ್ತು. ರಾವ್ ಅಂಕಲ್ ಕಂಡರೆ ನನಗೆ ಮೈ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ.

ಹೆದರಿಕೆ ಅಮ್ಮನಿಗೂ ಇತ್ತು. ಆದರೆ ಅವಳು ಅಕ್ಕಿ ಉದ್ದು ನೆನೆಹಾಕಿದಳು. ಹೌಜ್ ಖಾಸ್‌ನಲ್ಲಿ ರೂಮು ಮಾಡಿಕೊಂಡಿದ್ದ ಕನ್ನಡದ ಹುಡುಗರು ದೋಸೆಗೆ ಬಾಯಿ ಬಿಡುತ್ತಿದ್ದಾರೆಂದು ಯಾರೋ ಹೇಳಿದ್ದರು. ದೆಹಲಿಯ ಚಳಿಗೆ ಹಿಟ್ಟು ಉಬ್ಬುವುದಿಲ್ಲ, ಹಗಲೆಲ್ಲ ಬೆಚ್ಚಗೆ ಸುತ್ತಿಡಬೇಕು. ಒಂದು ಭಾನುವಾರ ಬೆಳಿಗ್ಗೆ, ರಾವ್ ಅಂಕಲ್ ಎದುರಿಗೇ, ಅಮ್ಮ ಬಂದು ನಿಂತಳು.

“ಏಳಿ, ರಜಾಯಿ ಬೇಕು.”

“ಯಾಕೆ?” ಎಂದರು ಅಪ್ಪ ಒಳಗಿನಿಂದಲೇ.

“ಹಿಟ್ಟಿಗೆ. ಅದು ಮಲಗಿದ್ರೂ ಸಂಜೆಗೆ ಮೇಲೇಳುತ್ತೆ.”

“ಅಯ್ಯೋ ರಾಮ, ಇಂಜಿನಿಯರ್ ಹೆಂಡ್ತಿ ಹಿಟ್ಟು ಮಾರೋದಾ!” ಎಂದು ರಾವ್ ಅಂಕಲ್ ನಕ್ಕರು.

“ಹ್ಞೂಂ, ಮಾರೋದೇ. ನಿಮ್ಗೂ ಬೇಕಾದ್ರೆ ಹೇಳಿ. ಪಕೋಡದ ಹಾಗೆ ಪುಕ್ಕಟೆ ಅಲ್ಲ.”

ನಾನೂ ಒಂದು ತುದಿ ಹಿಡಿದೆ. “ಪಾಪಾ, ಉಠೋ ನಾ!” ಏಳಪ್ಪಾ ಎಂದು ಹಿಂದಿಯಲ್ಲೇ ಕೂಗಿದೆ. ಇಬ್ಬರೂ ಎಳೆದೆವು.

ಗಡ್ಡ ಬಿಟ್ಟ ಅಪ್ಪ ಗಡಗಡ ನಡುಗುತ್ತ ಎದ್ದು ಕುಳಿತರು. ಬೇರೆ ದಾರಿ ಕಾಣದೆ ಬಿಸಿಲಿಗೆ ಹೋದರು. ಸಂಜೆ ಹಿಟ್ಟು ಪಾತ್ರೆಯ ಮುಚ್ಚಳ ಎತ್ತಿತ್ತು. ಅಪ್ಪ ಗಡ್ಡ ಬೋಳಿಸಿ, ಯಾರೂ ಹೇಳದೆಯೇ ಹಿಟ್ಟಿನ ಡಬ್ಬಿಗಳನ್ನು ಸ್ಕೂಟರಿಗೆ ಕಟ್ಟಿ ಹೌಜ್ ಖಾಸ್‌ಗೆ ಹೊರಟರು. ಕತ್ತಲಾದ ಮೇಲೆ ಬಂದವರೇ ಅಡುಗೆಮನೆ ಬಾಗಿಲಲ್ಲಿ ನಿಂತು, “ನಾಳೆ ಸ್ವಲ್ಪ ಜಾಸ್ತಿ ರುಬ್ಬು” ಎಂದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಚಳಿಗಾಲವೆಲ್ಲ ರಜಾಯಿ ಹುಳಿಹಿಟ್ಟಿನ ವಾಸನೆ ಹೊಡೆಯುತ್ತಿತ್ತು. ಅಪ್ಪ ರಾತ್ರಿ ಅದನ್ನೇ ಹೊದೆಯುತ್ತಿದ್ದರು.

ಈಗ ಹಿಟ್ಟು ಪ್ಯಾಕೆಟ್ಟಿನಲ್ಲಿ ಬರುತ್ತದೆ. ಕೆಟ್ಟ ಸುದ್ದಿ ಹೊತ್ತ ರಾವ್ ಅಂಕಲ್‌ಗಳು ಫೋನಿನಲ್ಲೇ ಬರುತ್ತಾರೆ, ಅವರಿಗೆ ಪಕೋಡವೂ ಬೇಡ. ನನ್ನ ಆಫೀಸಿನಲ್ಲೂ ಜನರನ್ನು ತೆಗೆಯುತ್ತಿದ್ದಾರೆ. ಹೋದ ವಾರವೆಲ್ಲ ಅವೇ ಸುದ್ದಿ ಓದುತ್ತ, ಅಪ್ಪನ ಹಾಗೇ ಮುಸುಕು ಹಾಕಿ ಮಲಗಿದ್ದೆ, ಥೂ! ದುಬಾರಿ ಹೊದಿಕೆ, ಯಾವ ವಾಸನೆಯೂ ಇಲ್ಲ. ಎಳೆಯಲು ಅಮ್ಮನೂ ಇಲ್ಲ.