ಊಟಕ್ಕೆ ಇಳಿಯದ ಸಾರ್ಜೆಂಟ್ ಪಿಶಾರ್

ಸಾರ್ಜೆಂಟ್ ಒನೊರೆ ಪಿಶಾರ್ ನಮ್ಮ ವೆರ್ನೆ ಹಳ್ಳಿಗೆ ಬಂದದ್ದು ಮಹಾಯುದ್ಧಕ್ಕೆ ಎರಡು ವರ್ಷ ಮುಂಚೆ, ಸೈನ್ಯದ ಒಂದು ವಿಮಾನದ ಸಮೇತ. ಮರದ ಕಡ್ಡಿ, ತಂತಿ, ಬಟ್ಟೆ, ಅಷ್ಟೇ ವಿಮಾನ. ದೂರದಿಂದ ನೋಡಿದರೆ ಯಾರದೋ ಮನೆಯ ಒಗೆದ ಬಟ್ಟೆ ಹಗ್ಗದೊಂದಿಗೆ ಹಾರಿಹೋಗುತ್ತಿದೆ ಅನ್ನಿಸುತ್ತಿತ್ತು.

ಅದನ್ನು ಹಾರಿಸಿ ಇಳಿಸಲು ಸೈನ್ಯದವರು ಮುದುಕ ಬರ್ನಾಬೆಯ ಹುಲ್ಲುಗಾವಲನ್ನು ಗೊತ್ತುಮಾಡಿಕೊಂಡರು. ಮುದುಕನದು ಒಂದೇ ಷರತ್ತು: ಬೆಳಿಗ್ಗೆ ಸೈನ್ಯಕ್ಕೆ, ಹನ್ನೊಂದಾದ ಮೇಲೆ ಹಸುಗಳಿಗೆ. ಸುತ್ತಲೂ ಗೂಟ ನೆಟ್ಟ ದ್ರಾಕ್ಷಿತೋಟಗಳು. ವಿಮಾನ ಅಲ್ಲಿಳಿದರೆ ಸಾರ್ಜೆಂಟ್ ಕಬಾಬ್ ಆಗಬೇಕಷ್ಟೆ.

ಇನ್ನು ನಮ್ಮೂರಿನ ವಿಷಯ. ಇಗರ್ಜಿಯ ಗಂಟೆ ಹನ್ನೆರಡು ಹೊಡೆಯಿತೆಂದರೆ ಊರೇ ಊಟಕ್ಕೆ ಕೂರುತ್ತದೆ, ಎರಡರವರೆಗೆ ಏಳುವುದಿಲ್ಲ. ಮನೆಗೆ ಬೆಂಕಿ ಬಿದ್ದರೂ ಚೀಸ್ ಮುಗಿಸಿ ಆಮೇಲೆ ಬಕೆಟ್ ಹುಡುಕುವ ಜನ ನಾವು.

ಪಿಶಾರ್ ಮೊದಲ ದಾಖಲೆ ಮುರಿದದ್ದು ಹೀಗೆಯೇ. ಇಂಜಿನ್ ಮುನಿಸಿಕೊಂಡು ಆ ದಿನ ಏರುವುದೇ ತಡವಾಯಿತು. ಇಳಿಯೋಣವೆಂದು ನೋಡಿದರೆ ಹುಲ್ಲುಗಾವಲಿನ ತುಂಬ ಹಸು. ತಗ್ಗಿನಲ್ಲಿ ಸುತ್ತುಹೊಡೆಯುತ್ತ ಕೂಗಿದ. ಬರ್ನಾಬೆ ಫೋರ್ಕು ಹಿಡಿದುಕೊಂಡೇ ಕಿಟಕಿಯಿಂದ ತಲೆ ಹಾಕಿದ.

"ಯಾಕೋ ಬಡ್ಕೋತೀಯಾ? ಅವೂ ಊಟ ಮಾಡ್ತಿಲ್ವಾ?"

ಕಿಟಕಿ ಮುಚ್ಚಿತು. ಎರಡು ಗಂಟೆಗೆ ಹಸುಗಳನ್ನು ಹೊಡೆದುಕೊಂಡು ಹೋಗುವ ಹೊತ್ತಿಗೆ, ಫ್ರಾನ್ಸಿನಲ್ಲಿ ಯಾರೂ ಅಷ್ಟು ಹೊತ್ತು ಆಕಾಶದಲ್ಲಿ ಇದ್ದಿರಲಿಲ್ಲ. ಪಿಶಾರನಿಗೆ ಬೆಳ್ಳಿಯ ಬಟ್ಟಲು ಬಂತು.

ಎರಡನೆಯದು ಎತ್ತರದ ದಾಖಲೆ. ಅವತ್ತೂ ಹಸು, ಅವತ್ತೂ ಊಟದ ಹೊತ್ತು. ಕೆಳಗೆ ಕ್ಲೊಟಿಲ್ಡಳ ಹೋಟೆಲಿನ ಹೊಗೆಗೂಡಿನಿಂದ ಈರುಳ್ಳಿ ಹಾಕಿ ಬೇಯಿಸಿದ ಮೊಲದ ಘಮ ಎದ್ದಿತು. ಹಸಿದವನು ತಡೆಯಲಾರದೆ ಇನ್ನಷ್ಟು ಮೇಲೇರಿದ. ಘಮವೂ ಏರಿತು. ಅವನು ಮತ್ತೂ ಏರಿದ. ಮೂಗಿಗೆ ಏನೂ ತಾಕದ ಎತ್ತರ ಮುಟ್ಟಿದಾಗ ಮೀಸೆ ಹೆಪ್ಪುಗಟ್ಟಿತ್ತು. ಮೂರನೆಯದು ದೂರದ ದಾಖಲೆ: ಹಸುವಿಲ್ಲದ ಒಂದು ಬಯಲು ಹುಡುಕಿಕೊಂಡು ಹೊರಟವನು ಸಮುದ್ರ ಕಾಣುವವರೆಗೂ ಹಾರಿದ. ಊಟ ಬಿಟ್ಟು ಲೋಟ ಗಿಟ್ಟಿಸಿದ ಎಂದು ಊರು ಆಡಿಕೊಂಡಿತು.

ಪತ್ರಿಕೆಗಳಿಗೆ ಅವನು ವೀರ. ಕ್ಲೊಟಿಲ್ಡಳಿಗೆ ಮಾತ್ರ ಊಟಕ್ಕೆ ತಡವಾಗಿ ಬರುವ ಗಂಡಸು. ಹೋಟೆಲನ್ನು ಒಬ್ಬಳೇ ನಡೆಸುತ್ತಿದ್ದ ವಿಧವೆ ಆಕೆ. ಪಿಶಾರ್ ಮದುವೆಯಾಗುತ್ತೀರಾ ಎಂದು ಕೇಳಿದಾಗ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ಸಾರ್ಜೆಂಟ್, ನಿಮ್ಮ ಹಾರಾಟ ಜಾಸ್ತಿ, ಇಳಿಯೋದು ಕಮ್ಮಿ. ನೋಟರಿ ಆಫೀಸಿನ ಪ್ರೊಸ್ಪೆರ್ ಕೂಡ ಕೇಳ್ತಿದಾನೆ. ಅವನು ಗಂಟೆ ಹೊಡೆಯೋ ಮುಂಚೆನೇ ಬಂದು ಕೂತಿರ್ತಾನೆ."

"ಅವನ ಹತ್ರ ಒಂದಾದ್ರೂ ಬಟ್ಟಲಿದ್ಯಾ?"

"ಹೊಟ್ಟೆ ಇದೆ. ಭಾನುವಾರ ಸೂಪು ಬಡಿಸೋ ಹೊತ್ತಿಗೆ ಕುರ್ಚೀಲಿ ಕಂಡ್ರೆ ಸರಿ. ಇಲ್ದಿದ್ರೆ ಅವನಿಗೇ ಹ್ಞೂಂ ಅಂತೀನಿ."

ಆ ಭಾನುವಾರವೇ ಪ್ಯಾರಿಸಿನಿಂದ ಜನರಲ್ ಬರುವವನಿದ್ದ. ಪಿಶಾರನ ಮೊದಲ ದಾಖಲೆಯನ್ನು ಗಡಿಯಾಚೆಯ ಜರ್ಮನ್ನನೊಬ್ಬ ಮುರಿದಿದ್ದ. ಅದನ್ನು ಜನರಲ್ಲನ ಕಣ್ಣೆದುರೇ ಮತ್ತೆ ಮುರಿದರೆ ಎದೆಗೆ ಸೈನ್ಯದ ಪದಕ. ಜನರಲ್ ಬಂದ ಮೇಲೆ ಏರಿದರೆ ದಾಖಲೆ ಮುರಿಯುವುದು ಹನ್ನೆರಡೂವರೆಗೆ. ಸೂಪು ಬರುವುದು ಹನ್ನೆರಡಕ್ಕೆ.

ಜನರಲ್ಲನೂ ಹೊಟ್ಟೆ ಇದ್ದವನೇ. ಆಕಾಶವನ್ನೂ ನೋಡಬೇಕು, ಊಟವೂ ತಪ್ಪಬಾರದು ಎಂದು ಕ್ಲೊಟಿಲ್ಡಳ ಹಿತ್ತಲಲ್ಲಿ ಆಕ್ರೋಟು ಮರದ ಕೆಳಗೆ ಮೇಜು ಹಾಕಿಸಿದ. ಪಕ್ಕದಲ್ಲಿ ಜಿಲ್ಲೆಯ ಉಪಾಧಿಕಾರಿ, ಊರಿನ ಮೇಯರ್, ಕತ್ತಿಗೆ ಆಗಲೇ ಕರವಸ್ತ್ರ ಬಿಗಿದ ಪ್ರೊಸ್ಪೆರ್. ಅವನ ಮಗ್ಗುಲಲ್ಲಿ ಒಂದು ಖಾಲಿ ಕುರ್ಚಿ. ಮೇಜಿನಾಚೆ ಆಕೆಯ ಲೀಕ್ ಪಾತಿ. ಈರುಳ್ಳಿಯ ನೆಂಟಸ್ತಿಕೆಯ ಆ ದಪ್ಪ ದಂಟುಗಳ ಮೇಲೆ ಆಕೆಗೆ ಜೀವ. ಹಿಂದೊಮ್ಮೆ ಪಾದ್ರಿಗಳ ಆಡು ಅಲ್ಲಿ ನುಗ್ಗಿತ್ತು. ಆಮೇಲೆ ಪಾದ್ರಿಗಳಿಗೆ ಆಡೇ ಇರಲಿಲ್ಲ.

ಹನ್ನೆರಡರ ಗಂಟೆ ಶುರುವಾಯಿತು. ಮೇಲೆ ಇಂಜಿನ್ ಸದ್ದು ನಿಂತುಬಿಟ್ಟಿತು.

"ಕೆಟ್ಟುಹೋಯ್ತಾ?" ಎಂದ ಮೇಯರ್.

ಕೆಟ್ಟಿರಲಿಲ್ಲ. ಪಿಶಾರನೇ ನಿಲ್ಲಿಸಿದ್ದ. ಹುಲ್ಲುಗಾವಲಿನಲ್ಲಿ ಹಸು, ತೋಟಗಳಲ್ಲಿ ಗೂಟ. ಉಳಿದದ್ದು ಒಂದೇ ಜಾಗ. ವಿಮಾನ ಹಿತ್ತಲ ಗೋಡೆಯ ಮೇಲಿಂದ ಜಾರಿ ಬಂದು, ಪೆಟ್ರೋಲ್ ಒಂದು ತೊಟ್ಟೂ ಲೀಕಾಗದೆ ಲೀಕಿನ ನಟ್ಟನಡುವೆ ಬಿತ್ತು. ಪಾತಿಯನ್ನು ಉದ್ದಕ್ಕೂ ಉತ್ತುಕೊಂಡು ಹೋಗಿ ಗೊಬ್ಬರದ ಗುಡ್ಡೆಗೆ ಮೂಗು ತೂರಿಸಿತು. ಪಿಶಾರ್ ಇಳಿದ. ಹೆಗಲ ಮೇಲಿದ್ದ ದಂಟನ್ನು ತೆಗೆದುಹಾಕಿದ. ಬಂದು ಖಾಲಿ ಕುರ್ಚಿಯಲ್ಲಿ ಕೂತ. ಗಂಟೆ ಇನ್ನೂ ಹೊಡೆಯುತ್ತಿತ್ತು.

ಜನರಲ್ಲನ ಮುಖ ಬೀಟ್‌ರೂಟಾಯಿತು. "ಸಾರ್ಜೆಂಟ್! ಇನ್ನರ್ಧ ಗಂಟೆ ಮೇಲಿದ್ದಿದ್ರೆ ಪದಕ! ಫ್ರಾನ್ಸಿನ ಮರ್ಯಾದೆ! ಯಾಕ್ರೀ ಇಳಿದ್ರಿ?"

"ಸೂಪು ಆರಿ ಹೋಗ್ತಿತ್ತು, ಜನರಲ್ ಸಾಹೇಬ್ರೇ."

ಜನರಲ್ ಜೀವನವೆಲ್ಲ ಆಜ್ಞೆ ಕೊಟ್ಟವನು. ಸೂಪು ಆರಲಿ ಎಂಬ ಆಜ್ಞೆಯನ್ನು ಮಾತ್ರ ಎಂದೂ ಕೊಟ್ಟಿರಲಿಲ್ಲ. ಚಮಚ ಎತ್ತಿಕೊಂಡ.

ಈಗ ಎಲ್ಲರೂ ಕ್ಲೊಟಿಲ್ಡಳ ಕಡೆ ನೋಡಿದರು. ಸೌಟು ಹಿಡಿದು ನಿಂತವಳು ತನ್ನ ಪಾತಿಯನ್ನು ಆ ತುದಿಯಿಂದ ಈ ತುದಿಗೆ ನೋಡಿದಳು. ಮೇಯರ್ ಪಾದ್ರಿಗಳ ಆಡನ್ನು ನೆನೆದು ಕುರ್ಚಿ ಹಿಂದೆ ಸರಿಸಿಕೊಂಡ.

"ಕೈ ತೊಳ್ಕೊಂಡ್ಯಾ?"

"ಇಲ್ಲ."

"ಹೋಗಿ ತೊಳ್ಕೊಂಡ್ ಬಾ. ಸೂಪು ಕಾಯುತ್ತೆ."

ಆ ಮನೆಯಲ್ಲಿ ಸೂಪು ಯಾರಿಗೂ ಕಾದದ್ದಿಲ್ಲ, ಬಿಷಪ್ಪರಿಗೂ ಕಾದಿರಲಿಲ್ಲ. ಪ್ರೊಸ್ಪೆರನಿಗೆ ಅರ್ಥವಾಯಿತು. ಕರವಸ್ತ್ರದ ಗಂಟು ಬಿಚ್ಚಿದ. ಬಾತುಕೋಳಿ ಹುರಿಯುವ ವಾಸನೆ ಬಂದದ್ದೇ ಮತ್ತೆ ಕಟ್ಟಿಕೊಂಡ. ಹೆಣ್ಣು ಹೋದಳೆಂದು ಬಾತುಕೋಳಿಯನ್ನೂ ಬಿಡುವಷ್ಟು ಪೆದ್ದ ಅವನಲ್ಲ.

ಚೀಸಿನ ಹೊತ್ತಿಗೆ ಉಪಾಧಿಕಾರಿ ಗ್ಲಾಸು ಹಿಡಿದು ಪಾತಿಯಲ್ಲಿ ಓಡಾಡಿ ಬಂದ. ಇಷ್ಟು ನೇರವಾದ, ಇಷ್ಟು ಆಳವಾದ ಉಳುಮೆಯನ್ನು ಈ ಜಿಲ್ಲೆಯಲ್ಲೇ ಕಂಡಿಲ್ಲವೆಂದ. ಆ ವರ್ಷದ ಕೃಷಿ ಪದಕಕ್ಕೆ ಅವನಿಗೆ ಯಾರೂ ಸಿಕ್ಕಿರಲಿಲ್ಲ. ಹೀಗೆ, ಮೂರು ದಾಖಲೆ ಮುರಿದ ಸೈನ್ಯದ ವಿಮಾನ ಚಾಲಕನ ಎದೆ ಏರಿದ ಮೊದಲ ಪದಕ ಬೇಸಾಯದ್ದು.

ಮದುವೆಯಾಯಿತು. ಬೆಳ್ಳಿಯ ಬಟ್ಟಲುಗಳಲ್ಲಿ ಒಂದು ಸಾಸಿವೆಗೆ, ಒಂದು ಸೌತೆ ಉಪ್ಪಿನಕಾಯಿಗೆ, ಒಂದು ಹಲ್ಲುಕಡ್ಡಿಗೆ ಆಯಿತು. ಇವು ಯಾಕೆ ಬಂದವೆಂದು ಗಿರಾಕಿಗಳು ಕೇಳಿದರೆ ಪಿಶಾರ್, "ಮೂರು ದಿನ ಉಪವಾಸ ಇದ್ದಿದ್ದಕ್ಕೆ" ಎನ್ನುತ್ತಿದ್ದ.

ಆಮೇಲೆ ಯುದ್ಧ ಬಂತು, ಅವನು ಮತ್ತೆ ಹಾರಿದ. ಆ ಸಲ ಊಟಕ್ಕೆ ನಾಲ್ಕು ವರ್ಷ ತಡವಾಯಿತು. ದಿನವೂ ಹನ್ನೆರಡಕ್ಕೆ ಆ ಕುರ್ಚಿಯ ಮುಂದೆ ಒಂದು ತಟ್ಟೆ ಇರುತ್ತಿತ್ತು. ಅಲ್ಲಿ ಕೂರಲು ಪ್ರೊಸ್ಪೆರನಿಗೂ ಧೈರ್ಯವಿರಲಿಲ್ಲ. ಒಂದು ಮಧ್ಯಾಹ್ನ, ಎಲ್ಲರೂ ಚೀಸ್ ತಿನ್ನುತ್ತಿದ್ದಾಗ, ಪಿಶಾರ್ ಬಾಗಿಲಲ್ಲಿ ಬಂದು ನಿಂತ. ಕ್ಲೊಟಿಲ್ಡ್ ಗಡಿಯಾರದ ಕಡೆ ನೋಡಲಿಲ್ಲ. ಕೈ ತೊಳೆದುಕೊಂಡು ಬಾ ಎಂದು ಹೇಳಿ ಸೂಪು ಬಿಸಿಮಾಡಲು ಒಳಗೆ ಹೋದಳು.