ಈ ಬಾಗಿಲಿಗೆ ಬಂದ ‘ಅವನು’

ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಬೋಲ್ಟುಗಳ ಅಳತೆ ನೋಡುವ ಕೆಲಸ ನನ್ನದು. ಬಾಡಿಗೆ ಕೋಣೆಯ ಹಿಂದೆಯೇ ಓನರ್ ಮನೆ. ಓನರ್ ಅಣ್ಣನ ಬಾಯಲ್ಲಿ ಮಾತು ಕಡಿಮೆ. ಅವರ ಹೆಂಡತಿ, ಓನರ್ ಅಕ್ಕನಿಗೆ ಮಾತ್ರ ಊರಿನವರೆಲ್ಲರ ಸುದ್ದಿ ಬೇಕು. ಉತ್ತರ ಕರ್ನಾಟಕದಿಂದ ಬಂದು ಒಬ್ಬಳೇ ಇದ್ದ ನನ್ನ ಸುದ್ದಿಯಂತೂ ಬೇಕೇ ಬೇಕು.

ಆಗಲೇ ವಾರಪತ್ರಿಕೆಯೊಂದರಲ್ಲಿ ನನ್ನ ಮೊದಲ ಕಥೆ ಬಂತು. ‘ಅವನು ಇವತ್ತೂ ಬಂದಿದ್ದ. ಇಲ್ಲೇ, ಈ ನೀಲಿ ಬಾಗಿಲ ಹತ್ತಿರ ನಿಂತು ಹೋದ’ ಎಂದು ಅದರ ಶುರು. ಹೆಸರು ಹೇಳದೆ ‘ಅವನು’ ಎಂದುಬಿಟ್ಟರೆ ಓದುವವರು ಯಾರು, ಎಲ್ಲಿ ಎಂದು ಹುಡುಕುತ್ತಾ ಕಥೆಯೊಳಗೆ ಬರುತ್ತಾರೆಂದು ನಂಬಿದ್ದೆ. ಅಕ್ಕ ಪತ್ರಿಕೆ ಹಿಡಿದುಕೊಂಡು ನೇರ ನನ್ನ ಕೋಣೆಯೊಳಕ್ಕೇ ಬಂದರು.

“ಯಾರವ್ವಾ ಅವ್ನು? ಯಾವಾಗ ಬತ್ತಾನೆ?”

“ಅದು ಕಥಿ ರೀ ಅಕ್ಕಾ. ಅಂಥಾವ ಯಾರೂ ಇಲ್ಲ.”

“ಈ ಬಾಗ್ಲು ಅಂತ ಬರ್ದಿದೀಯ. ನೀಲಿ ಬಣ್ಣ ಒಡ್ಸಿದ್ದು ನಾವೇ.”

“ಕಥಿಯೊಳಗ ‘ಇಲ್ಲಿ’ ಅಂದ್ರ ಕಥಿ ಹೇಳಾಕಿ ಇರೋ ಜಾಗ ರೀ.”

“ಏಳೋಳು ನೀನೇ ಅಲ್ವಾ?”

“ಅಲ್ರಿ. ಕೊನೀತನಕ ಓದ್ರಿ, ಅವ ಆಕಿ ತಮ್ಮ.”

“ಓದ್ದೆ. ತಮ್ಮ ಅಂತ ಎಲ್ರೂ ಏಳ್ತಾರೆ.”

ಮರುದಿನದಿಂದ ಓನರ್ ಅಣ್ಣನ ಕುರ್ಚಿ ಗೇಟಿನ ಪಕ್ಕಕ್ಕೆ ಬಂತು. ಗ್ಯಾಸ್ ಸಿಲಿಂಡರ್ ತಂದವನನ್ನೂ ಅಡಿಯಿಂದ ಮುಡಿಯವರೆಗೆ ನೋಡಿ ಒಳಗೆ ಬಿಟ್ಟರು. ಗೆಳತಿಯನ್ನು ಬೈಕಿನಲ್ಲಿ ಬಿಟ್ಟುಹೋಗಲು ಬಂದ ಅವಳ ಅಣ್ಣನನ್ನು ಕಂಡು ಅಕ್ಕ, “ಇವ್ನೇನಾ?” ಎಂದು ಗಂಡನ ಕಿವಿಯಲ್ಲಿ ಕೇಳಿದ್ದು ನನಗೂ ಕೇಳಿಸಿತು.

ಅನುಮಾನ ನನಗೂ ಅಂಟಿಕೊಂಡಿತು. ಒಂದು ಬೆಳಿಗ್ಗೆ ನಾನು ಬಟ್ಟೆ ಒಗೆಯುತ್ತಿದ್ದಾಗ ಅಕ್ಕ ಫೋನಿನಲ್ಲಿ ತಮ್ಮ ತಂಗಿಗೆ ಹೇಳುತ್ತಿದ್ದರು: “ಅವ್ಳ್ನ ಇನ್ನ ಇಲ್ಲಿ ಇಟ್ಕೊಳ್ಳೋಕಾಗಲ್ಲ ಕಣೆ. ಭಾನುವಾರ ಕಳಿಸ್ಬುಡ್ತೀವಿ.” ನನ್ನನ್ನು ಕಂಡೊಡನೆ ದನಿ ತಗ್ಗಿತು. ಇನ್ನೇನು ಬೇಕು? ಸಂಜೆಯೇ ದಾಸರಹಳ್ಳಿಯಲ್ಲಿ ಬೇರೆ ಕೋಣೆ ನೋಡಿ ಬಂದೆ. ಸಿಟ್ಟಿನಲ್ಲಿ ಪಾತ್ರೆಗಳನ್ನು ಕಟ್ಟಿಟ್ಟೆ.

ಭಾನುವಾರ ಟೆಂಪೊ ಬಂತು. ಬಂದದ್ದು ನನ್ನ ಬಾಗಿಲಿಗಲ್ಲ, ಹಿತ್ತಲಿಗೆ. ಕಾರ್ಖಾನೆಗಳ ನಡುವೆ ಮೇಯಲು ಜಾಗವಿಲ್ಲದೆ, ಕೊನೆಗೆ ಉಳಿದಿದ್ದ ಒಂದೇ ಹಸುವನ್ನು ತಂಗಿಯ ಊರಿಗೆ ಕಳಿಸುತ್ತಿದ್ದರು. ಫೋನಿನ ‘ಅವಳು’ ಹಲಗೆ ಹತ್ತಲು ಒಪ್ಪಲಿಲ್ಲ. ಓನರ್ ಅಣ್ಣ ಹಗ್ಗ ಎಳೆದರು, ನಾನು ಹೋಗಿ ಹಿಂದಿನಿಂದ ತಳ್ಳಿದೆ. ಟೆಂಪೊ ಹೊರಟ ಮೇಲೆ ಅಕ್ಕ ಅಲ್ಲೇ ನೆಲದ ಮೇಲೆ ಕುಳಿತು ಅತ್ತರು.

ಎಬ್ಬಿಸಿ ಕೋಣೆಗೆ ಕರೆತಂದೆ. ಪಾತ್ರೆಯ ಗಂಟು ನೋಡಿ, “ನೀನೆಲ್ಲಿಗೆ ಒಂಟೆ?” ಎಂದರು.

“ಕಳಸ್ತೀವಿ ಅಂದದ್ದು ನನ್ನ ಅಂದ್ಕೊಂಡೆ ರೀ.”

“ನಿನ್ನ್ಯಾಕವ್ವಾ ಕಳಿಸ್ಲಿ?”

ಗಂಟು ಬಿಚ್ಚಿ ಟೀ ಇಟ್ಟೆ. ಕುಡಿಯುತ್ತಾ ಅಕ್ಕ ಕಣ್ಣೊರೆಸಿಕೊಂಡರು. ಆಮೇಲೆ ಮೆಲ್ಲಗೆ ಬಗ್ಗಿ ನನ್ನ ಮಂಚದ ಕೆಳಗೊಮ್ಮೆ ನೋಡಿದರು.